ಅಕ್ಕನ ಹನಿ, ಅಪ್ಪನ ಕೊಪ್ಪರಿಗೆ

ಅಕ್ಕ ರಜಕ್ಕೆ ಬಂದಳು ಅಂದರೆ ನಮ್ಮನೇಲಿ ಏನಾದರೊಂದು ಆಗಲೇಬೇಕು. ಕೆರಗೋಡಿನ ಪಕ್ಕ ನಮ್ಮದೊಂದು ಆಲೆಮನೆ. ಅಪ್ಪ ಬೆಲ್ಲ ಕಾಯಿಸ್ತಾನೆ, ಅಕ್ಕ ಭೌತಶಾಸ್ತ್ರದ ಸಂಶೋಧನೆ ಮಾಡ್ತಾಳೆ. ಈ ಸಲ ಅಪ್ಪ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ: "ಅದೇನ್ ಓದ್ತಿದ್ದೀಯ ಅಂತ ನಂಗೆ ಅರ್ಥ ಆಗಂಗೆ ಏಳು, ಓದುಸ್ತೀನಿ. ಇಲ್ದಿದ್ರೆ ಓದು ಬುಡು, ಮದ್ವೆ ಆಗು." ಹತ್ತನೇ ಕ್ಲಾಸಿನ ವಿಜ್ಞಾನದಲ್ಲೇ ಎರಡು ಸಲ ಡುಮ್ಕಿ ಹೊಡೆದ ನಾನೇ ಅಕ್ಕನ ಪರ ವಕೀಲ.

೧. ಎರಡು ಮಫ್ಲರು

ಮೊದಲು ಅಜ್ಜಿ ಹತ್ತಿರ ಹೇಳಿ ನೋಡು ಅಂದೆ.

"ಅಣುಗಳನ್ನ ತಣ್ಣಗೆ ಮಾಡಿ ಮಾಡಿ ಒಂದು ಪುಟಾಣಿ ಹನಿ ಮಾಡ್ತಾರೆ ಕಣಜ್ಜಿ. ಅದಕ್ಕೆ ಪಾತ್ರೆನೇ ಬೇಡ. ತಾವೇ ಒಟ್ಟಿಗೆ ಅಂಟ್ಕೊಂಡು ನಿಲ್ತವೆ."

"ನಮ್ಮ ಫ್ರಿಜ್ಜಿನಷ್ಟು ತಣ್ಣಗಾ?"

"ಅದರ ಮುಂದೆ ಫ್ರಿಜ್ಜು ಒಲೆ ಇದ್ದಂಗೆ."

ಬೆಳಿಗ್ಗೆ ನೋಡಿದರೆ ಅಕ್ಕನ ಬ್ಯಾಗಿನಲ್ಲಿ ಎರಡು ಮಫ್ಲರು. ಅಜ್ಜಿ ಅಂದಳು: "ಒಂದು ನಿಂಗೆ, ಇನ್ನೊಂದು ಆ ಅನಿಗೆ. ಅವು ಯಾಕಂಗೆ ಅಂಟ್ಕಂಡ್ ನಿಂತವೆ ಅನ್ಕಂಡೆ? ಚಳಿ ಕಣವ್ವ!"

೨. ಬೇಕಂತಲೇ ಹಾಕೋ ಕಸ

ಆಲೆಮನೇಲಿ ಅಪ್ಪ ಕೊಪ್ಪರಿಗೆಗೆ ಬೆಂಡೆಗಿಡದ ರಸ ಹಾಕಿ, ನೊರೆ ಜೊತೆ ಮೇಲೆದ್ದ ಕಸ ತೆಗೀತಿದ್ದ. ಅಕ್ಕ ಶುರು ಮಾಡಿದಳು: "ಆ ಹನಿಯೊಳಕ್ಕೆ ಬೇರೆ ಥರದ್ದೊಂದು ಅಣು ಬಿಡ್ತೀವಿ ಕಣಪ್ಪ."

"ಅಂದ್ರೆ ಕಸ?"

"ಊಂ. ಹನಿಗೂ ಅದಕ್ಕೂ ಚೆನ್ನಾಗಿ ಹೊಂದಿದ್ರೆ ನಡುವೆ ಕೂರುತ್ತೆ. ಅಷ್ಟಕ್ಕಷ್ಟೇ ಅಂದ್ರೆ ಅಂಚಿಗೆ ಬರುತ್ತೆ. ಹೊಂದಲೇ ಇಲ್ಲ ಅಂದ್ರೆ ಹೊರಕ್ಕೆ."

"ಬೇಕೂ ಅಂತ್ಲೇ ಕಸ ಹಾಕ್ತೀರಾ?"

"ಬೇಕಂತ್ಲೇ."

ಅಪ್ಪನ ಕೈಲಿದ್ದ ಸೌಟು ನಿಂತಿತು. "ಲೇ ಮಗಳೇ, ಇಷ್ಟು ವರ್ಸ ಕಸ ತೆಗ್ದು ತೆಗ್ದು ನಿನ್ನ ಓದುಸ್ದೆ. ನೀನು ಕಸ ಹಾಕೋದ್ ಕಲ್ತು ಬಂದ್ಯಾ?"

೩. ಜಗಲಿ ಮೇಲೊಂದು ಹನಿ

ಮಾರನೇ ದಿನ ನಿಡಘಟ್ಟದಿಂದ ಸೋದರಮಾವ ಬಂದ. ಒಂದು ಕೈಲಿ ಮದ್ದೂರು ವಡೆ ಪೊಟ್ಟಣ, ಜೇಬಿನಲ್ಲಿ ಗಂಡಿನ ಫೋಟೋ. ಅಕ್ಕನ ಮುಖ ಇಳಿದುಹೋಯ್ತು.

ಜಗಲಿ ಮೇಲೆ ಅಪ್ಪ, ಅಮ್ಮ, ಅಜ್ಜಿ, ಅಕ್ಕ ಒತ್ತಿಕೊಂಡು ಕೂತಿದ್ದರು. ನಾನು ಮಾವನನ್ನು ಬೇಕಂತಲೇ ನಡುವೆ ತೂರಿಸಿದೆ. ವಡೆ ಇರೋ ತನಕ ಎಲ್ಲರೂ ಅವನಿಗೇ ಅಂಟಿಕೊಂಡಿದ್ದರು. ವಡೆ ಖಾಲಿ ಆಯ್ತು, ಫೋಟೋ ಹೊರಗೆ ಬಂತು. ಅಕ್ಕ ಅಜ್ಜಿ ಕಡೆ ಸರಿದಳು, ಅಜ್ಜಿ ಅಮ್ಮನ ಕಡೆ ಒರಗಿದಳು. ಅವರವರು ಒತ್ತಾಗುತ್ತಾ ಆಗುತ್ತಾ ಮಾವ ಜಗಲಿ ಅಂಚಿಗೆ ಬಂದ. ಅರ್ಧ ಕುಂಡೆ ಗಾಳೀಲಿ.

"ಅಪ್ಪಾ, ನೋಡ್ಕೊ. ಮೊದ್ಲು ನಡುವೆ, ಈಗ ಅಂಚು," ಅಂತ ಕಿವಿಯಲ್ಲಿ ಊದಿದೆ. ಅಪ್ಪ ಮಾವನನ್ನು ನೋಡಿದ, ಅಕ್ಕನನ್ನು ನೋಡಿದ, ಮೀಸೆ ತಿರುವಿದ.

ಏನೂ ಗೊತ್ತಿಲ್ಲದ ಮಾವ ಮುಂದುವರಿಸಿದ: "ಗಂಡಿನೋರು ಒಳ್ಳೇ ಜನ ಬಾವ. ಒಂದೇ ಮಾತು ಅಂದ್ರು, ನಿಮ್ ಆಲೆಮನೆ ಬೆಲ್ಲದಲ್ಲಿ ಕಸ ಐತಂತೆ."

ಅಪ್ಪ ಎದ್ದು ನಿಂತ. ಮಾವನ ಚಪ್ಪಲಿ ತಂದು ಅವನ ಮುಂದಿಟ್ಟ. "ಮಂಡ್ಯದ ಬಸ್ಸು ಬರೋ ಒತ್ತಾಯ್ತು, ಒಲ್ಡು ಬಾವ." ಆಮೇಲೆ ಅಕ್ಕನ ಕಡೆ ತಿರುಗಿ, "ಅರ್ಥ ಆಯ್ತು ಕಣವ್ವ. ಎಷ್ಟು ವರ್ಸ ಬೇಕೋ ಓದು," ಅಂದ.

ಮಾವ ಬೀದೀಲಿ ನಿಂತು ಬಾಯಿ ಬಿಟ್ಟ: "ಏನರ್ಥ ಆಯ್ತು? ನಂಗೇನೂ ಅರ್ಥ ಆಗ್ನಿಲ್ವಲ್ಲಾ!"

ಅಪ್ಪ ಅಂದ: "ಕಸಕ್ಕೆ ಅರ್ಥ ಆಗಾಕಿಲ್ಲ ಬಾವ. ನೋಡೋರ್ಗೆ ಆಯ್ತದೆ."