ಹೆಂಗಸರಿಗೊಂದು ಬೇರೆ ಆಕಾಶ

ಕೆರಗೋಡಿನ ಸ್ವರೂಪನಿಗೆ ಒದಗಿದ ಫಜೀತಿಗೆ ಮೂಲ ಒಂದೇ ಒಂದು ಮಾತು. ತನ್ನ ನಿಶ್ಚಿತಾರ್ಥದ ಊಟದ ಪಂಕ್ತಿಯಲ್ಲಿ, ಪಾಯಸ ಹರಿಯುತ್ತಿದ್ದ ಎಲೆಯ ಮುಂದೆ ಕೂತು, ಹೆಣ್ಣಿನ ಕಡೆಯವರೆಲ್ಲ ಕೇಳುವಂತೆ ಅವನು ಆಡಿದ್ದ: "ಗ್ಲೈಡರ್ ನಂಗೆ ಬೈಕ್ ಇದ್ದಂಗೆ." ಈ ಕತೆಯನ್ನು ಹೇಳುವವರೆಲ್ಲ ಇಷ್ಟರ ಮಟ್ಟಿಗೆ ಒಮ್ಮತದಿಂದ ಇದ್ದಾರೆ. ಮುಂದಿನ ವಿವರಗಳಲ್ಲಿ ಮಾತ್ರ ಕೆರಗೋಡಿನವರ ಪಾಠ ಒಂದು, ಮಳವಳ್ಳಿಯವರ ಪಾಠ ಇನ್ನೊಂದು.

ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಮೈದಾನದ ಆ ತುದಿಯಲ್ಲಿರುವ ಯಂತ್ರ ಹಗ್ಗವನ್ನು ಸುತ್ತಿಕೊಂಡಂತೆ ಈ ತುದಿಯಲ್ಲಿರುವ ಗ್ಲೈಡರ್ ಗಾಳಿಪಟದ ಹಾಗೆ ಮೇಲೇಳುತ್ತದೆ. ಹಗ್ಗ ಕಳಚಿಕೊಂಡ ಮೇಲೆ ಹಾರುವವರಿಗೆ ಬಿಸಿಗಾಳಿಯೇ ಗತಿ. ಅದು ಏಳುವ ಜಾಗವನ್ನು ಹುಡುಕಿ ಹದ್ದಿನಂತೆ ಸುತ್ತಬಲ್ಲವರು ಮೇಲೆ ಉಳಿಯುತ್ತಾರೆ, ಹುಡುಕಲಾರದವರು ಇಳಿಯುತ್ತಾರೆ. ಕಾಲೇಜಿನ ಎನ್‌ಸಿಸಿಯಲ್ಲಿ ಹಾರಾಟ ಕಲಿತಿದ್ದ ಸ್ವರೂಪ ಎರಡನೆಯ ಪಂಗಡದವನು. ಅವನಿಗೆ ನಿಶ್ಚಯವಾಗಿದ್ದ ಬಂಡೂರಿನ ಹುಡುಗಿ ರಂಜಿತ ಮೊದಲನೆಯ ಪಂಗಡದವಳು. ಗದ್ದೆಬಯಲಲ್ಲಿ ಕಬ್ಬಿನ ತರಗಿಗೆ ಬೆಂಕಿಯಿಟ್ಟ ಹೊಗೆ ಎತ್ತ ಓರೆಯಾಯಿತೆಂದು ನೋಡಿಯೇ ಗಾಳಿಯ ಜಾತಕ ಹೇಳುವವಳು. ಇಬ್ಬರೂ ಮದ್ದೂರಿನ ರಘುನಂದನ್ ಅವರ ಕ್ಲಬ್ಬಿನ ಸದಸ್ಯರು. ವಾಯುಸೇನೆಯಿಂದ ನಿವೃತ್ತರಾದ ಈ ಮಹನೀಯರು ಮಳವಳ್ಳಿಯ ಹೊರಗಿನ ಬಯಲಿನಲ್ಲಿ ಒಂದು ಗ್ಲೈಡರ್ ಇಟ್ಟುಕೊಂಡು ಕ್ಲಬ್ಬು ನಡೆಸುತ್ತಿದ್ದರು.

ಮಾಘ ಕಳೆದ ಒಂದು ಭಾನುವಾರ ಕ್ಲಬ್ಬಿನ ವಾರ್ಷಿಕ ಸ್ಪರ್ಧೆ. ಒಬ್ಬರಾದ ಮೇಲೆ ಒಬ್ಬರು ಹಾರಬೇಕು. ಹೆಚ್ಚು ಹೊತ್ತು ಮೇಲಿದ್ದವರಿಗೆ ಕಪ್ಪು. ಗಂಡು ಹೆಣ್ಣೆಂಬ ಭೇದವಿಲ್ಲ. ಯುಗಾದಿ ಕಳೆದರೆ ಮದುವೆ.

ಅಂದು ಬೆಳಿಗ್ಗೆ ಸ್ವರೂಪ ಶೂ ಕಟ್ಟಿಕೊಳ್ಳುತ್ತಿದ್ದಾಗ ಪಕ್ಕದ ಮನೆಯ ಅಂಕಯ್ಯ ಜಗಲಿಗೆ ಬಂದು ಕೂತ.

"ಏನ್ಲಾ ಸ್ವರೂಪ, ನೀನೂ ಆ ಎಣ್ಣುಮಗಳೂ ಒಂದೇ ಪಂದ್ಯದಲ್ಲಿ ಆರ್ತೀರಂತೆ?"

"ಊ ಕಣಣ್ಣ."

"ಅಂಗಾದ್ರೆ ನಿಂದು ಉಂಗ್ರದ ಸಾಸ್ತ್ರ ಮದ್ವೆಗಿಂತ ಮುಂಚೇನೇ ಆಗೋಯ್ತದೆ. ಅದೂ ಊರೋರೆಲ್ಲ ಕತ್ತೆತ್ತಿ ನೋಡಂಗೆ."

ಮದುವೆಯಾದ ಮೇಲೆ ಅರಿಶಿನದ ನೀರು ತುಂಬಿದ ಬಿಂದಿಗೆಗೆ ಉಂಗುರ ಹಾಕಿ, ಗಂಡುಹೆಣ್ಣಿನ ಕೈಗಳನ್ನು ಅದರೊಳಗೆ ಇಳಿಸಿ ಹುಡುಕಿಸುವ ಶಾಸ್ತ್ರ ಆ ಸೀಮೆಯಲ್ಲಿದೆ. ಯಾರ ಕೈಗೆ ಉಂಗುರ ಸಿಕ್ಕಿತೋ ಆ ಮನೆಯಲ್ಲಿ ಅವರದೇ ಮಾತು ನಡೆಯುವುದೆಂದು ನೆಂಟರು ಎಣಿಸುತ್ತಾರೆ, ಎಣಿಸಿದ್ದನ್ನು ಮರೆಯುವುದಿಲ್ಲ.

"ನಾನು ಅವತ್ತು ಉಂಗ್ರ ಬುಟ್ಟೆ ಕಣ್ಲಾ," ಎಂದ ಅಂಕಯ್ಯ, ಎಲೆಗೆ ಸುಣ್ಣ ಸವರುತ್ತ. "ಇವತ್ತಿಗೂ ಮಂಡ್ಯಕ್ಕೆ ಓಗ್ಬೇಕಾದ್ರೆ ಒಳಿಕ್ಕೆ ಓಗಿ ಕೇಳ್ಕಂಡು ಬತ್ತೀನಿ."

ಸ್ವರೂಪ ಕಟ್ಟಿದ್ದ ಶೂ ಬಿಚ್ಚಿ ಮತ್ತೆ ಕಟ್ಟಿದ. ಅವನ ಸೋದರತ್ತೆ ದೇವಿರಮ್ಮ ಒಳಗಿನಿಂದ ಕೂಗಿದಳು: "ಅವನ ಮಾತು ಕಟ್ಕೋಬ್ಯಾಡ ಕಣ್ ಮಗ. ಬಾಯಿ ಮುಚ್ಕಂಡು ಓಗು, ಬಾಯಿ ಮುಚ್ಕಂಡು ಆರು. ಮಿಕ್ಕಿದ್ದು ದೇವ್ರು ನೋಡ್ಕತಾನೆ."

ದೇವರ ಮೇಲೆ ಅಷ್ಟು ದೊಡ್ಡ ಹೊರೆ ಹೊರಿಸಲು ಸ್ವರೂಪನಿಗೆ ಧೈರ್ಯ ಬರಲಿಲ್ಲ. ಬೈಕು ಮದ್ದೂರು ದಾಟುವಷ್ಟರಲ್ಲಿ ಅವನಿಗೊಂದು ಉಪಾಯ ಹೊಳೆದಿತ್ತು. ರಂಜಿತಳ ಜೊತೆ ಒಂದೇ ಸ್ಪರ್ಧೆಯಲ್ಲಿ ಇದ್ದರೆ ತಾನೇ ಅವಳಿಗೆ ಸೋಲುವುದು?

ರಘುನಂದನ್ ಮೈದಾನದಲ್ಲಿ ಬಗ್ಗಿ ಹಗ್ಗ ಪರೀಕ್ಷಿಸುತ್ತಿದ್ದರು.

"ಸರ್, ಹೆಂಗಸರಿಗೆ ಬೇರೆ ಸ್ಪರ್ಧೆ ಇಡ್ಬೇಕು."

"ಯಾಕಪ್ಪ? ಇದೇನು ಕುಸ್ತಿ ಪಂದ್ಯವೇ? ಗ್ಲೈಡರ್ ತಿರುಗಿಸೋಕೆ ಎರಡು ಬೆರಳು ಸಾಕು. ಮೀಸೆ ಯಾರಿಗಿದೆ, ಜಡೆ ಯಾರಿಗಿದೆ ಅಂತ ಗಾಳಿ ನೋಡುತ್ತೇನು?"

"ಗಾಳಿ ನೋಡಲ್ಲ ಸರ್, ಊರು ನೋಡುತ್ತೆ. ಅವರದ್ದೇ ಅಂತ ಒಂದು ಕಪ್ ಇದ್ರೆ ನಾಳೆ ಇನ್ನೂ ಹತ್ತು ಹೆಣ್ಮಕ್ಕಳು ಬರ್ತಾರೆ."

ತನ್ನ ಬಾಯಿಂದ ಹೊರಟ ಮಾತು ಇಷ್ಟು ಚೆನ್ನಾಗಿದೆಯಲ್ಲ ಎಂದು ಸ್ವರೂಪನಿಗೇ ಬೆರಗಾಯಿತು. ರಘುನಂದನ್ ಕನ್ನಡಕ ಏರಿಸಿ ಅವನನ್ನು ನೋಡಿದರು.

"ನಮ್ಮಲ್ಲಿ ಹಾರೋ ಹೆಣ್ಮಕ್ಕಳು ಇಬ್ಬರು. ಅವರು ಬಂದು ಕೇಳಿದ್ರೆ ಇಡ್ತೀನಿ. ನೀನು ಕೇಳಿದ್ರೆ ಇಡಲ್ಲ."

ಇಬ್ಬರಲ್ಲಿ ಒಬ್ಬಾಕೆ ಮಳವಳ್ಳಿಯ ಶಾಲೆಯೊಂದರ ವಿಜ್ಞಾನದ ಮೇಡಂ ಚಿತ್ರಾ. ಅವರ ಮುಂದೆ ನಿಂತಾಗ ಸ್ವರೂಪನಿಗೆ ಹೋಂವರ್ಕ್ ಮಾಡದೆ ಬಂದವನ ಮುಖ ತಾನಾಗಿಯೇ ಬಂತು.

"ನಮಗೆ ಬೇರೆ ಬೇಕು ಅಂತ ನಾವೇ ಹೇಳಿಲ್ಲ. ನಿಮಗೆ ಹೇಗೆ ಗೊತ್ತಾಯ್ತು ಸ್ವರೂಪ್ ಅವರೇ?" ಎಂದರು ಚಿತ್ರಾ. "ಬೇರೆ ಮಾಡಿದ ಮಾರನೇ ದಿನವೇ ಗಂಡಸರದ್ದು ದೊಡ್ಡ ಕಪ್, ಹೆಂಗಸರದ್ದು ಚಿಕ್ಕ ಕಪ್ ಅಂತ ಶುರುವಾಗುತ್ತೆ. ಗೆದ್ದರೂ, ಹೆಂಗಸರಲ್ಲಿ ಗೆದ್ದಳು ಅಂತಾರೆ."

"ಇಲ್ಲ ಮೇಡಂ, ನಿಮ್ಮದೇ ದೊಡ್ಡದು ಮಾಡೋಣ. ನಡುಮಧ್ಯಾಹ್ನ ಗಾಳಿ ಚೆನ್ನಾಗಿರುತ್ತಲ್ಲ, ಆ ಹೊತ್ತು ನಿಮಗೆ. ನಾವು ಗಂಡಸರು ಆಮೇಲೆ ಹಾರ್ತೀವಿ."

ಚಿತ್ರಾ ಯೋಚಿಸಿದರು. ಅವರ ತರಗತಿಯಲ್ಲಿ ಹಾರಲು ಆಸೆಯಿದ್ದ ಹುಡುಗಿಯರಿದ್ದರು. ಗಂಡುಹುಡುಗರ ಜೊತೆ ಪೈಪೋಟಿ ಬೇಡವೆಂದು ತಡೆದು ಕೂರಿಸಿದ್ದ ಅಪ್ಪಂದಿರೂ ಇದ್ದರು. "ಒಂದೆರಡು ವರ್ಷ ಇರಲಿ," ಎಂದರು. "ಹುಡುಗೀರು ಬರೋದು ಅಭ್ಯಾಸವಾದ ಮೇಲೆ ಕಿತ್ತುಹಾಕೋಣ."

ಉಳಿದವಳು ರಂಜಿತ. ಅವಳು ಬೇವಿನ ಮರದ ನೆರಳಲ್ಲಿ ಕೂತು ದೂರದ ಆಲೆಮನೆಯ ಹೊಗೆಯನ್ನೇ ನೋಡುತ್ತಿದ್ದಳು. ಸ್ವರೂಪನ ಭಾಷಣವನ್ನು ಕೊನೆಯವರೆಗೂ ಕೇಳಿದಳು.

"ನಿಜವಾಗ್ಲೂ ಬೇರೆ ಮಾಡ್ಲೇಬೇಕಾ?"

"ಮಾಡ್ಲೇಬೇಕು."

"ಈ ಒಂದ್ಸಲ ಒಟ್ಟಿಗೇ ಆಗ್ಲಿ ಬಿಡಿ. ನಿಮಗೇ ಒಳ್ಳೇದು."

"ಇದು ನನ್ನೊಬ್ಬನ ವಿಷಯ ಅಲ್ಲ ರಂಜಿತ. ಇಡೀ ಸ್ತ್ರೀಕುಲದ ವಿಷಯ."

ರಂಜಿತ ಅವನ ಮುಖವನ್ನು ಸ್ವಲ್ಪ ಹೊತ್ತು, ಆಕಾಶವನ್ನು ಸ್ವಲ್ಪ ಹೊತ್ತು ನೋಡಿದಳು. "ಆಯ್ತು, ನಾನೂ ಹೋಗಿ ಕೇಳ್ತೀನಿ. ಆಮೇಲೆ ನನ್ನ ಅನ್ಬೇಡಿ," ಎಂದು ಎದ್ದುಹೋದಳು.

ರಘುನಂದನ್ ಮೈಕಿನಲ್ಲಿ ಸಾರಿದರು: ಈ ವರ್ಷದಿಂದ ಮಹಿಳೆಯರಿಗೆ ಪ್ರತ್ಯೇಕ ಸ್ಪರ್ಧೆ, ಅದಕ್ಕಾಗಿ ಬೆಳಗಿನಿಂದ ಹೋರಾಡಿದವರು ಸ್ವರೂಪ್. ಸರಿಯಾಗಿ ಅದೇ ಗಳಿಗೆಗೆ ಕೆರಗೋಡಿನ ಟೆಂಪೋ ಬಂದು ನಿಂತಿತು. ಮೊದಲು ಇಳಿದ ದೇವಿರಮ್ಮ ಮೈಕಿನ ಮಾತು ಕೇಳಿ ಹಣೆ ಚಚ್ಚಿಕೊಂಡಳು.

"ಯಾರ್ಲಾ ನಿಂಗೆ ಇದ ಏಳ್ಕೊಟ್ಟೋರು? ಬಾಯಿ ಮುಚ್ಕಂಡು ಆರು ಅಂದಿರ್ಲಿಲ್ವೇನ್ಲಾ? ನಾನು ಮೊನ್ನೇನೇ—"

ಅವಳ ಮಾತು ಮುಗಿಯಲಿಲ್ಲ. ಮಳವಳ್ಳಿಯ ಮಹಿಳಾ ಸಂಘದ ಅಧ್ಯಕ್ಷೆ ಪಟ್ಟಲಮ್ಮ ಸದಸ್ಯೆಯರ ದಂಡಿನೊಡನೆ ಬಂದು ಸ್ವರೂಪನ ಎರಡೂ ತೋಳು ಹಿಡಿದು ವೇದಿಕೆಗೆ ಎಳೆದೊಯ್ದಳು. ಕೊರಳಿಗೆ ಸೇವಂತಿಗೆ ಹಾರ ಬಿತ್ತು.

"ನಮ್ಮ ಗಂಡಸ್ರು ಬಸ್ಸಲ್ಲಿ ಒಂದು ಸೀಟು ಬುಟ್ಕೊಡಲ್ಲ ಕಣ್ರವ್ವ," ಎಂದಳು ಪಟ್ಟಲಮ್ಮ ಮೈಕಿನಲ್ಲಿ. "ಈ ಮಗ ಆಕಾಸಾನೇ ಬುಟ್ಕೊಟ್ಟವ್ನೆ."

ಮಧ್ಯಾಹ್ನ ಹೆಂಗಸರ ಸ್ಪರ್ಧೆ ನಡೆಯಿತು. ಚಿತ್ರಾ ಚೆನ್ನಾಗಿಯೇ ಹಾರಿದರು. ಬಳಿಕ ರಂಜಿತ ಏರಿ ಆಲೆಮನೆಯ ಹೊಗೆಯ ನೆತ್ತಿಗೆ ಹೋಗಿ ಹದ್ದುಗಳ ನಡುವೆ ಸೇರಿಕೊಂಡಳು. ಹದ್ದುಗಳಿಗೆ ಬೇಸರ ಬಂದರೂ ಅವಳಿಗೆ ಬರಲಿಲ್ಲ. ಕೆಳಗೆ ಜನ ಕತ್ತು ಉಜ್ಜಿಕೊಂಡರು, ಕೂತರು, ಮೊಸರನ್ನದ ಗಂಟು ಬಿಚ್ಚಿ ಉಂಡರು. ಆಮೇಲೂ ಅವಳು ಮೇಲೇ ಇದ್ದಳು. ಇಳಿಯುವಾಗ ಗ್ಲೈಡರ್ ತವರಿಗೆ ಬಂದ ಮಗಳ ಹಾಗೆ ನಿಧಾನವಾಗಿ ಮೈದಾನದ ನಡುವೆ ಬಂದು ನಿಂತಿತು.

ವೇದಿಕೆಯ ಮೇಲೆ ಸ್ವರೂಪ ಅತಿ ಜೋರಾಗಿ ಚಪ್ಪಾಳೆ ತಟ್ಟಿದ. ಅವಳು ಎಷ್ಟು ಹೊತ್ತು ಹಾರಿದರೂ ಈಗ ತನಗೆ ನಷ್ಟವಿಲ್ಲ ಎಂಬುದು ಅವನ ನೆಮ್ಮದಿ.

ಗಂಡಸರಲ್ಲಿ ಮೊದಲು ಹೊರಟವನು ರಂಜಿತಳ ತಮ್ಮ ಅಪ್ಪು, ಆ ವರ್ಷವಷ್ಟೇ ಕಲಿತವನು. ಅವನಿಗೆ ಆಲೆಮನೆಯ ಕೊನೆಯ ಹೊಗೆ ಸಿಕ್ಕಿತು, ಬಹಳ ಹೊತ್ತು ಮೇಲೇ ಉಳಿದ. ಆಮೇಲೆ ಹಾರಿದ ಟ್ರ್ಯಾಕ್ಟರ್ ಮೆಕ್ಯಾನಿಕ್ ಸಿದ್ದರಾಮುವಿಗೆ ತರಗು ಸುಡುತ್ತಿದ್ದ ಒಂದು ಗದ್ದೆ ಸಿಕ್ಕಿತು. ಸ್ವರೂಪನಿಗೆ ಸಿಕ್ಕಿದ್ದು ಮೈಕು. "ಎರಡು ಮಾತಾಡಪ್ಪ" ಎಂದು ಪಟ್ಟಲಮ್ಮ ಕೂರಿಸಿಕೊಂಡಿದ್ದಳು. ಅವನು ವೇದಿಕೆಯಿಂದ ಬಿಡಿಸಿಕೊಂಡು ಬರುವ ವೇಳೆಗೆ ಬಿಸಿಲು ಹಳದಿಗೆ ತಿರುಗಿತ್ತು, ಆಲೆಮನೆಯವರು ಒಲೆ ಆರಿಸಿದ್ದರು, ಹದ್ದುಗಳು ಗೂಡಿಗೆ ಹೋಗಿದ್ದವು.

ಹಗ್ಗ ಕಳಚಿದ್ದೇ ತಡ, ಗ್ಲೈಡರ್ ಇಳಿಯತೊಡಗಿತು. ಸ್ವರೂಪ ಎಡಕ್ಕೆ ತಿರುಗಿದ, ಇಳಿಯಿತು. ಬಲಕ್ಕೆ ತಿರುಗಿದ, ಇನ್ನೂ ಬೇಗ ಇಳಿಯಿತು. ಮೈದಾನಕ್ಕೆ ಮರಳುವಷ್ಟು ಎತ್ತರವೂ ಉಳಿಯದೆ ಅವನು ಹೊಸದಾಗಿ ನಾಟಿ ಮಾಡಿದ್ದ ಗದ್ದೆಯೊಂದರಲ್ಲಿ ಎಮ್ಮೆ ಕೂತಂತೆ ಕೂತ. ಗ್ಲೈಡರಿಗೂ ಅವನಿಗೂ ಪೆಟ್ಟಾಗಲಿಲ್ಲ. ಕೆಸರು ಮೊಣಕಾಲಿನವರೆಗೆ ಎಂದು ಮಳವಳ್ಳಿಯವರೂ ಸೊಂಟದವರೆಗೆ ಎಂದು ಕೆರಗೋಡಿನವರೂ ಹೇಳುತ್ತಾರೆ.

ಬದುವಿನ ಮೇಲೆ ಮೊದಲು ಕಾಣಿಸಿಕೊಂಡವನು ಅಂಕಯ್ಯ. "ಬಾಯಿಗಾಕಿದ ಎಲೆ ಇನ್ನೂ ಕೆಂಪಾಗಿರ್ಲಿಲ್ಲ ಕಣ್ಲಾ, ಅಷ್ಟರಲ್ಲಿ ಇಳ್ದುಬುಟ್ಟಿದ್ದೆ."

ಅವನ ಹಿಂದೆ ಏದುಸಿರು ಬಿಡುತ್ತ ದೇವಿರಮ್ಮ ಬಂದಳು. ಬೆಳಿಗ್ಗೆ ಅರ್ಧಕ್ಕೆ ನಿಂತಿದ್ದ ಮಾತು ಈಗ ಪೂರ್ತಿಯಾಗಿ ಹೊರಬಿತ್ತು.

"ನಾನು ಮೊನ್ನೇನೇ ರಂಜಿತಂಗೆ ಪೋನ್ ಮಾಡಿ ಕೈಮುಗ್ದು ಕೇಳ್ಕಂಡಿದ್ದೆ ಕಣ್ಲಾ, ನೆಂಟ್ರು ಮುಂದೆ ನಮ್ಮುಡುಗನ ಮಾನ ಉಳ್ಸವ್ವ ಅಂತ. ಬೇಗ ಇಳ್ಕತೀನಿ ಅತ್ತೆ ಅಂತ ಒಪ್ಪಿದ್ಲು. ಬಂಗಾರದಂಥ ಎಣ್ಣು. ನೀನು ಬಂದು ಅವಳಿಗೆ ಬೇರೆ ಪಂದ್ಯ ಮಾಡ್ಸಿದೆ."

ಸ್ವರೂಪ ಕೆಸರಿನಲ್ಲೇ ನಿಂತು, ಸಿದ್ದರಾಮುವಿನೊಡನೆ ಬದುವಿಗೆ ಓಡಿಬಂದಿದ್ದ ಅಪ್ಪುವಿನ ಕಡೆ ತಿರುಗಿದ. "ಅವಳು ಒಪ್ಪಿದ್ರೇನು, ನೀನು ಗೆಲ್ತಿದ್ದೆಯಲ್ಲ?"

"ಎಲ್ಲಿ ಗೆಲ್ತಿದ್ದೆ ಭಾವ? ಅಕ್ಕ ನಮ್ಮೆಲ್ಲರ ಹತ್ರಾನೂ ಮಾತು ತಗೊಂಡಿದ್ಲು," ಎಂದ ಅಪ್ಪು. "ಚಿತ್ರಾ ಮೇಡಮ್ಮೂ ನಕ್ಕೊಂಡು ಒಪ್ಪಿದ್ರು. ಅಕ್ಕನೇ ಸೋಲ್ತಾಳೆ ಅಂದ್ಮೇಲೆ ನಾವೂ ಬೇಗ ಇಳಿಯೋದು ಅಂತ ಇತ್ತು. ಅಕ್ಕ ಇಲ್ಲದ ಪಂದ್ಯದಲ್ಲಿ ನಾನ್ಯಾಕೆ ಸೋಲ್ಲಿ?"

"ಬೇಗ ಇಳ್ದ್ರೆ ಒಂದು ನಾಟಿ ಕೋಳಿ ಕೊಡ್ತೀನಿ ಅಂದಿದ್ರು ರಂಜಿತಮ್ಮ," ಎಂದ ಸಿದ್ದರಾಮು ವ್ಯಥೆಯಿಂದ. "ನಿಮ್ಮಿಂದ ಅದೂ ಓಯ್ತು."

ಸಂಜೆ ಬಹುಮಾನ ವಿತರಣೆ. ಮಹಿಳೆಯರ ಮೊದಲ ಕಪ್ಪನ್ನು ಸ್ವರೂಪನ ಕೈಯಿಂದಲೇ ಕೊಡಿಸಬೇಕೆಂದು ಪಟ್ಟಲಮ್ಮ ಹಟ ಹಿಡಿದಳು. ಪ್ಯಾಂಟಿನ ಕೆಸರು ಒಣಗಿ ಉದುರುತ್ತಿರಲು ಸ್ವರೂಪ ಕಪ್ಪನ್ನು ಎತ್ತಿ ಭಾವೀ ಹೆಂಡತಿಗೆ ಕೊಟ್ಟ. ಎರಡೂ ಊರುಗಳ ನೆಂಟರು ಫೋಟೋ ತೆಗೆದುಕೊಂಡರು. ರಂಜಿತ ಫೋಟೋಗಾಗಿ ನಗುತ್ತಲೇ, ಅವನಿಗೆ ಮಾತ್ರ ಕೇಳುವಂತೆ, "ಬೆಳಿಗ್ಗೇನೇ ಹೇಳಿದ್ನಲ್ರೀ" ಎಂದಳು.

"ತಪ್ಪಾಯ್ತು," ಎಂದ ಸ್ವರೂಪ. "ಮುಂದಿನ ವರ್ಷ ಈ ಬೇರೆ ಗೀರೆ ಎಲ್ಲಾ ತೆಗೆಸಿಹಾಕ್ತೀನಿ. ಮತ್ತೆ ಒಟ್ಟಿಗೇ ಹಾರೋಣ. ಅತ್ತೆಗೆ ಕೊಟ್ಟ ಮಾತನ್ನ ಆಗ ನಡೆಸಿಕೊಡು."

ರಂಜಿತ ಕಪ್ಪನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು.

"ಮುಂದಿನ ವರ್ಷಕ್ಕೆ ಮದ್ವೆ ಆಗೋಗಿರುತ್ತಲ್ರೀ," ಎಂದಳು. "ಆಮೇಲೆ ನಾನ್ಯಾಕೆ ಸೋಲ್ಬೇಕು?"