ಭಾವನ ಗುಡ್ಡೆ ಸೈಕಲ್

ಮಂಗಳೂರಿನಲ್ಲಿ ಸೈಕಲ್ ಇದ್ದವರೆಲ್ಲ ಏರು ಬಂದರೆ ಇಳಿದು ತಳ್ಳುತ್ತಿದ್ದರು, ಇಳಿಜಾರು ಬಂದರೆ ಹತ್ತಿ ಕೂತು ಅಂಗಿಯೊಳಗೆ ಗಾಳಿ ತುಂಬಿಸಿಕೊಂಡು ಹೋಗುತ್ತಿದ್ದರು. ನನ್ನ ಭಾವ ಮಾತ್ರ ಏರಿನಲ್ಲಿ ಸವಾರಿ ಮಾಡುತ್ತಿದ್ದರು, ಇಳಿಜಾರಿನಲ್ಲಿ ತಳ್ಳುತ್ತಿದ್ದರು!

ಇದನ್ನು ನಾನು ನಗಿಸಲಿಕ್ಕಾಗಿ ಕಟ್ಟಿ ಹೇಳುತ್ತಿಲ್ಲ. ಕಂಡದ್ದನ್ನು ಕಂಡಷ್ಟೇ ಹೇಳುತ್ತಿದ್ದೇನೆ. ಬಿಕರ್ನಕಟ್ಟೆಯ ಆಚೆ, ಮುರಕಲ್ಲಿನ ಗುಡ್ಡದ ನೆತ್ತಿಯಲ್ಲಿ ಅವರ ಮನೆ. ಬೆಳಿಗ್ಗೆ ಕೊಡಿಯಾಲ್‌ಬೈಲಿನ ಆಫೀಸಿಗೆ ಹೊರಟರೆ ಇಳಿಜಾರು ಕಂಡಲ್ಲೆಲ್ಲ ಇಳಿದು, ಹೊಸ ಮದುಮಗಳನ್ನು ಕೈಹಿಡಿದು ಕರೆತರುವವರ ಹಾಗೆ ಸೈಕಲ್ಲಿನ ಪಕ್ಕದಲ್ಲಿ ನಡೆಯುತ್ತಿದ್ದರು. ಸಂಜೆ ಬರುವಾಗ, ಲಾರಿಗಳೂ ಏದುಸಿರು ಬಿಡುವ ಏರಿನಲ್ಲಿ ಸೀಟಿನಿಂದ ಏಳದೆ, ನೆಲಕ್ಕೆ ಕಾಲು ತಾಗಿಸದೆ, ಮನೆಯ ಅಂಗಳದವರೆಗೆ ಬಂದು ಇಳಿಯುತ್ತಿದ್ದರು. ಇಳಿದ ಮೇಲೂ ಉಸಿರು ಎಂದಿನಂತೆಯೇ ಇರುತ್ತಿತ್ತು. ಅಂಗಳದಲ್ಲಿ ನಿಂತು ನೋಡಿದ ನನಗೇ ಏದುಸಿರು!

"ಇಳಿಯುವಾಗ ಎಂತ ಭಾವ, ಕೂತುಕೊಳ್ಳುದಿಲ್ಲ?" ಎಂದು ಒಮ್ಮೆ ಕೇಳಿದೆ.

"ಬ್ರೇಕ್ ಸವೆಯುತ್ತದೆ ಮಾರಾಯ."

"ಮತ್ತೆ ಬ್ರೇಕ್ ಇರುವುದು ಎಂತಕ್ಕೆ?"

"ಬೇಕಾದಾಗ ಇರ್ಲಿಕ್ಕೆ. ಈಗಲೇ ಸವೆಸಿದ್ರೆ ಬೇಕಾದಾಗ ಎಲ್ಲಿಂದ ತರುವುದು?"

ಇದಕ್ಕೆ ಏನು ಹೇಳುತ್ತೀರಿ?

ಆ ಸೈಕಲ್ ಯಾರಿಗಾಗಿ ಎಂಬುದು ಮಾತ್ರ ಊರಿಗೆಲ್ಲ ಗೊತ್ತಿತ್ತು. ಅದು ನನ್ನ ಅಕ್ಕನಿಗಾಗಿ, ಎಂದಾದರೂ ಅವಳನ್ನು ಹಿಂದೆ ಕೂರಿಸಿಕೊಂಡು ಹೋಗಲಿಕ್ಕೆ. ಮದುವೆಯಾದ ಹೊಸದರಲ್ಲಿ ಅವರಿಬ್ಬರೂ ಹೋಗುತ್ತಿದ್ದ ಬಸ್ಸು ಒಂದು ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ರಸ್ತೆ ಬಿಟ್ಟು ಗದ್ದೆಗೆ ಬಿದ್ದಿತ್ತು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಭಾವ ಕಿಟಕಿಯಿಂದ ಹೊರಗೆ ಬಂದು, ಒಳಗಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಎಳೆದು, ಕೆಸರಲ್ಲಿ ಬಿದ್ದ ಚೀಲಗಳನ್ನು ಹೆಕ್ಕಿ ಅವರವರಿಗೆ ಕೊಟ್ಟರಂತೆ. ಭಾವನ ಧೈರ್ಯದ ಈ ಕತೆ ನಮ್ಮ ಕುಟುಂಬದ ಪ್ರತಿ ಊಟದ ಪಂಕ್ತಿಯಲ್ಲೂ ಉಪ್ಪಿನಕಾಯಿಯ ಹಾಗೆ ಬಡಿಸಲ್ಪಡುತ್ತಿತ್ತು. ಅಕ್ಕ ಮಾತ್ರ ಅಂದಿನಿಂದ ಚಕ್ರ ಇರುವ ಯಾವುದನ್ನೂ ಹತ್ತಲಿಲ್ಲ. ಬಸ್ಸಿಲ್ಲ, ರಿಕ್ಷಾ ಇಲ್ಲ, ಎತ್ತಿನ ಗಾಡಿಯೂ ಇಲ್ಲ.

ಅಕ್ಕನ ತಾಯಿಮನೆ, ಅಂದರೆ ನಮ್ಮ ಮನೆ, ಬೆಂಗ್ರೆಯಲ್ಲಿ, ಹೊಳೆಯ ಆಚೆ. ಅಕ್ಕ ಗುಡ್ಡದಿಂದ ಬಂದರಿನವರೆಗೆ ನಡೆದೇ ಬರುತ್ತಿದ್ದಳು, ಅಲ್ಲಿಂದ ದೋಣಿ. ಅಲೆ ಎದ್ದಾಗ ಗಂಡಸರೂ ದೋಣಿಯ ಅಂಚು ಹಿಡಿದುಕೊಳ್ಳುತ್ತಿದ್ದರೆ ಇವಳು ಮಧ್ಯದಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. "ಇದಕ್ಕೆ ಹೆದರಿಕೆ ಇಲ್ವಾ?" ಎಂದರೆ, "ದೋಣಿಗೆ ಚಕ್ರ ಉಂಟಾ?" ಎನ್ನುತ್ತಿದ್ದಳು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅಕ್ಕನ ಮೊಣಕಾಲು ಊದಿಕೊಂಡಿತು. ಅಷ್ಟು ದೂರ ನಡೆಯುವುದು ನಿಂತಿತು. ಆಚೆ ದಡದಲ್ಲಿ ನಮ್ಮ ಅಮ್ಮ ಹಾಸಿಗೆ ಹಿಡಿದಿದ್ದರು, "ಅವಳು ಯಾವಾಗ ಬರ್ತಾಳೆ?" ಎಂದು ನನ್ನನ್ನು ದಿನವೂ ಕೇಳುತ್ತಿದ್ದರು. ಮಗಳ ಕಾಲಿಗೂ ಅಮ್ಮನ ಹಾಸಿಗೆಗೂ ನಡುವೆ ಇದ್ದದ್ದು ಒಂದು ಇಳಿಜಾರು, ಒಂದು ಸೈಕಲ್.

"ನನ್ನ ಸೈಕಲ್ಲಿನಲ್ಲಿ ಕೂತ್ಕೊ," ಎಂದರು ಭಾವ.

"ನಿಮ್ಮ ಸೈಕಲ್ ಸರಿ ಇಲ್ಲ," ಎಂದಳು ಅಕ್ಕ.

ಸರಿ ಇಲ್ಲ ಎಂದದ್ದೇ ತಪ್ಪಾಯಿತು! ಆ ಮನೆಯಲ್ಲಿ ಮತ್ತೆ ಯಾವ ವಸ್ತುವೂ ತನ್ನ ಜಾಗದಲ್ಲಿ ಉಳಿಯಲಿಲ್ಲ.

ಮೊದಲು, ಏರಿನಲ್ಲಿ ಇಬ್ಬರ ಭಾರ ಎಳೆಯಬೇಕಲ್ಲ? ಭಾವ ಹಿಂದಿನ ಹಲ್ಲುಚಕ್ರವನ್ನು ದೊಡ್ಡದು ಮಾಡಿದರು, ಪೆಡಲಿನ ಹತ್ತಿರದ್ದನ್ನು ಮಕ್ಕಳ ಸೈಕಲ್ಲಿನಿಂದ ತಂದು ಸಣ್ಣದು ಮಾಡಿದರು. ಚೈನನ್ನು ಕತ್ತರಿಸಿ ಜೋಡಿಸಿದರು. ಎಲ್ಲ ಸ್ವಂತ ಕೈಯಿಂದ, ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ. ಆಮೇಲೆ ಪೆಡಲ್ ಹೊಲಿಗೆಯಂತ್ರದ ವೇಗದಲ್ಲಿ ತಿರುಗುತ್ತಿತ್ತು, ಸೈಕಲ್ ಮಾತ್ರ ಬಸಳೆ ಬಳ್ಳಿ ಹಬ್ಬುವ ವೇಗದಲ್ಲಿ ಹೋಗುತ್ತಿತ್ತು. ತಲೆಯ ಮೇಲೆ ಬುಟ್ಟಿ ಹೊತ್ತ ಮೀನಿನವಳೊಬ್ಬಳು ಏರಿನಲ್ಲಿ ಅವರನ್ನು ಹಿಂದೆ ಹಾಕಿ, ಹಿಂದಿರುಗಿ ನೋಡಿ, "ಎಂತ ಧನಿಗಳೇ, ಸೈಕಲ್ಲಿಗೆ ಸೌಖ್ಯ ಇಲ್ವಾ?" ಎಂದು ಕೇಳಿದಳು. ಭಾವ ಪೆಡಲ್ ನಿಲ್ಲಿಸದೆ, "ನೀನು ಮೇಲೆ ಹೋಗಿ ದಣಿವಾರಿಸ್ತೀಯಲ್ಲ, ಆಗ ನಾನು ಮುಂದೆ ಹೋಗ್ತೇನೆ," ಎಂದರು. ಹಾಗೆಯೇ ಆಯಿತು! ಅವಳು ಕಟ್ಟೆಯ ಮೇಲೆ ಬುಟ್ಟಿ ಇಳಿಸಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಾಗ ಭಾವ ಎದುರಿನಿಂದಲೇ ದಾಟಿಹೋದರು. ನಾನು ಹಿಂದಿನಿಂದ ನಡೆದು ಬರುತ್ತಿದ್ದೆ, ನೋಡಿದೆ. ಯಾವ ಯಂತ್ರವೂ ಇಲ್ಲದೆ ಒಬ್ಬ ಮನುಷ್ಯ ಗುಡ್ಡವನ್ನು ಹಾಗೆ ಒಪ್ಪಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಮಳೆಗಾಲದಲ್ಲಿ ಪಾಚಿ ಮೇಲೆ ಜಾರ್ತದೆ," ಎಂದಳು ಅಕ್ಕ.

ಭಾವ ಭಾರ ಹೊರುವ ಸೈಕಲ್ಲಿನ ದಪ್ಪ ಟೈರು ತಂದು ಹಾಕಿದರು. ಅದೂ ಸಾಲದೆ, ಬಾವಿಯ ಹಳೆಯ ನಾರಿನ ಹಗ್ಗವನ್ನು ಟೈರು ಮತ್ತು ರಿಮ್ಮು ಸೇರಿಸಿ ಸುತ್ತಿದರು. ಪಾಚಿಯ ಮೇಲೆ ಸೈಕಲ್ ಬೆಕ್ಕಿನಂತೆ ನಡೆಯಿತು. ನಾವೆಲ್ಲ ಬೆರಗಾಗಿ ನಿಂತೆವು. ಅಕ್ಕ ಅಕ್ಕಿ ಆರಿಸುತ್ತಿದ್ದ ಗೆರಸೆಯಿಂದ ತಲೆ ಎತ್ತಿ, "ರಿಮ್ಮಿಗೆಲ್ಲ ಹಗ್ಗ ಸುತ್ತಿದ್ರೆ ಬ್ರೇಕ್ ಎಲ್ಲಿ ಹಿಡೀತದೆ?" ಎಂದು ಕೇಳಿದಳು. ಭಾವ ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಹಗ್ಗ ಬಿಚ್ಚಿ ಬಾವಿಗೆ ಕಟ್ಟಿದರು. ಜೀವಮಾನದಲ್ಲಿ ಸೈಕಲ್ ಹತ್ತದವಳ ಮುಂದೆ ನಡೆದ ಪರೀಕ್ಷೆ ಇದು!

ಬ್ರೇಕಿನ ಕತೆ ಇನ್ನೂ ದೊಡ್ಡದು. ಅಂಗಡಿಯ ಬ್ರೇಕ್ ರಬ್ಬರ್ ಒದ್ದೆಯಾದರೆ ಜಾರುತ್ತದೆ ಎಂಬುದು ಭಾವನ ದೂರು. ಅದಕ್ಕಿಂತ ಮೃದುವಾದ, ಹಿಡಿತವಿರುವ ರಬ್ಬರು ಹವಾಯಿ ಚಪ್ಪಲಿಯಲ್ಲಿ ಉಂಟೆಂದು ಅವರು ಕಂಡುಕೊಂಡರು. ಆದರೆ ದಿನವೂ ಅಂಗಳದಲ್ಲಿ ಒತ್ತಿ ಪರೀಕ್ಷಿಸಿದರೆ ಅದು ಬೇಗ ತೀರುತ್ತದೆ. ತೀರಿದರೆ ಇನ್ನೊಂದು ಚಪ್ಪಲಿ ಬೇಕು. ಯಾರದ್ದು? ಹೊರಗೆ ಬಿಟ್ಟವರದ್ದು! ಆ ಮನೆಗೆ ಹೋಗುವ ನೆಂಟರೆಲ್ಲ ಚಪ್ಪಲಿಯನ್ನು ಚೀಲದೊಳಗೆ ಹಾಕಿ ಮಡಿಲಲ್ಲಿ ಇಟ್ಟುಕೊಂಡು ಊಟಕ್ಕೆ ಕೂರುವ ಪದ್ಧತಿ ಹೀಗೆ ಶುರುವಾಯಿತು. ನನ್ನ ಎಡಗಾಲಿನದ್ದು ಹೋದ ದಿನ ನಾನು ಜಗಳಕ್ಕೆ ಹೋದೆ. ಭಾವ ಮೃದುವಾಗಿ, "ಬಲಗಾಲಿನದ್ದು ಮುಟ್ಟಲಿಲ್ಲ ಮಾರಾಯ. ಅದರ ಹಿಮ್ಮಡಿ ಸವೆದಿದೆ, ಕೆಲಸಕ್ಕೆ ಬಾರದು," ಎಂದರು.

ಇನ್ನು ಬೇರಿಂಗು. ವರ್ಷಕ್ಕೊಮ್ಮೆ ಸೈಕಲ್ಲನ್ನು ಪೂರ್ತಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸು ಹಚ್ಚಿ ಜೋಡಿಸುವುದು ಅವರ ವ್ರತ. ಬಿಚ್ಚಿದ ಉಕ್ಕಿನ ಗುಂಡುಗಳು ಉರುಳಿ ಹೋಗದಂತೆ ಇಡುವುದು ಎಲ್ಲಿ? ಆ ವರ್ಷ ಅಷ್ಟಮಿಯ ಕಡುಬಿಗೆಂದು ಅಕ್ಕ ಹಲಸಿನ ಎಲೆಯ, ಬಟ್ಟಲಿನಂಥ ಕೊಟ್ಟೆಗಳನ್ನು ಕಟ್ಟಿ ಸಾಲಾಗಿ ಇಟ್ಟಿದ್ದಳು. ಭಾವನಿಗೆ ಅವು ತನಗಾಗಿಯೇ ಕಟ್ಟಿದವು ಎನಿಸಿತು. ಕೆಲಸ ಮುಗಿದ ಮೇಲೆ ಕೊಟ್ಟೆಗಳನ್ನು ತೊಳೆದು ಹಿಂದೆ ಇಟ್ಟರು. ಎಲ್ಲವನ್ನೂ ಖಾಲಿ ಮಾಡಿದ್ದೇನೆ ಎಂದೇ ನಂಬಿದ್ದರು. ಹಬ್ಬದ ಊಟದಲ್ಲಿ ನನ್ನ ಹಲ್ಲಿಗೆ ಏನೋ ಕಟ್ಟೆಂದು ತಾಗಿತು. ತೆಗೆದು ಅಂಗೈಯಲ್ಲಿಟ್ಟು ತೋರಿಸಿದೆ. ಹಲ್ಲಿಗೆ ಏನಾಯಿತು ಎಂದು ಅವರು ಕೇಳಲಿಲ್ಲ. ಗುಂಡನ್ನು ಬೆಳಕಿಗೆ ಹಿಡಿದು, "ಇದು ಹಿಂದಿನ ಚಕ್ರದ್ದು. ಮುಂದಿನದ್ದು ಇಷ್ಟು ದೊಡ್ಡ ಇರುದಿಲ್ಲ," ಎಂದರು. ಊಟ ಬಿಟ್ಟು ಎದ್ದು ಹೋಗಿ ಹಿಂದಿನ ಚಕ್ರ ಬಿಚ್ಚಿದರು. ನಿಜವಾಗಿಯೂ ಅಲ್ಲಿ ಒಂದು ಕಡಿಮೆ ಇತ್ತು!

ಕೊನೆಗೆ ಕ್ಯಾರಿಯರ್. ಹಳೆಯ ಕಾರಿನ ಸೀಟಿನ ಸ್ಪ್ರಿಂಗು, ಅದರ ಮೇಲೆ ಬೂರುಗದ ಹತ್ತಿಯ ದಿಂಬು, ಬೆನ್ನಿಗೆ ಒರಗು, ಕಾಲಿಡಲಿಕ್ಕೆ ಮೆಟ್ಟಿಲು. ಮಹಾರಾಣಿಯರೂ ಅಷ್ಟು ಸುಖವಾಗಿ ಕೂತಿರಲಿಕ್ಕಿಲ್ಲ. ಅದರ ಮೇಲೆ ಕುಚ್ಚಲಕ್ಕಿಯ ಮೂಟೆ ಕಟ್ಟಿ ದಿನವೂ ಏರು ಹತ್ತಿಸಿದರು. ಇಳಿಜಾರಿನಲ್ಲಿ ಮಾತ್ರ ಮೂಟೆ ಸಮೇತ ತಳ್ಳಿಕೊಂಡು ಬಂದರು. "ನೋಡು, ಮೂಟೆ ಒಮ್ಮೆಯೂ ಬಿದ್ದಿಲ್ಲ," ಎಂದು ಅಕ್ಕನಿಗೆ ತೋರಿಸಿದರು.

ಅಕ್ಕ ಸೈಕಲ್ಲಿನ ಸುತ್ತ ಕುಂಟುತ್ತ ಒಂದು ಸುತ್ತು ಬಂದಳು. ಚಕ್ರ ತಿರುಗಿಸಿ ನೋಡಿದಳು, ಬ್ರೇಕ್ ಒತ್ತಿ ನೋಡಿದಳು. ದೂರು ಹೇಳಲು ಏನೂ ಸಿಗಲಿಲ್ಲ. ಆ ಬೆಳಿಗ್ಗೆ ಅಮ್ಮ ಗಂಜಿ ಬೇಡವೆಂದು ಮುಖ ತಿರುಗಿಸಿದ್ದರು. ಅದನ್ನು ಅಕ್ಕನಿಗೆ ಹೇಳಿಯೂ ಆಗಿತ್ತು.

"ಮೂಟೆಗೆ ಹೆದರಿಕೆ ಆಯ್ತಾ ಇಲ್ವಾ ಅಂತ ಮೂಟೆ ಹೇಳ್ತದಾ?" ಎಂದಳು ಅಕ್ಕ. "ನೀವು ಹಿಂದೆ ಕೂತ್ಕೊಳ್ಳಿ. ತಮ್ಮ ಬಿಡ್ಲಿ. ಈ ಇಳಿಜಾರು ಇಳಿದು ತೋರಿಸಿ. ಮತ್ತೆ ನಾನು ಕೂರ್ತೇನೆ. ಇವತ್ತೇ ಅಮ್ಮನ ಹತ್ರ ಹೋಗುವ."

ಭಾವ "ಆಯ್ತು" ಎಂದರು. ಎಂದವರು ಚೈನಿಗೆ ಎಣ್ಣೆ ಬಿಟ್ಟರು. ಗಾಳಿ ನೋಡಿದರು. ಬಿಗಿಯಾಗಿದ್ದ ನಟ್ಟುಗಳನ್ನು ಮತ್ತೆ ಬಿಗಿ ಮಾಡಿದರು. ಬೆಲ್ಲನ್ನು ಒರೆಸಿದರು! "ಕೂರಿ ಭಾವ," ಎಂದೆ. ಕೂತರು.

ಇಲ್ಲಿಂದ ಮುಂದೆ ನಡೆದದ್ದನ್ನು ನಾನು ನಿಧಾನವಾಗಿಯೇ ಹೇಳಬೇಕು.

ಸೈಕಲ್ ಇಳಿಯತೊಡಗಿದ ಕೂಡಲೇ ಹಿಂದಿನಿಂದ ಎರಡು ಕೈಗಳು ನನ್ನ ಅಂಗಿಯನ್ನು ಹಿಡಿದವು. ಹಿಡಿದ ರಭಸಕ್ಕೆ ಮುಂದಿನ ಗುಂಡಿಗಳು ಕಿತ್ತು ಹಾರಿದವು. ನಾನು ನಗುತ್ತ, "ಎಂತ ಭಾವ!" ಎಂದೆ. ಬೆನ್ನಿಗೆ ಅವರ ಹಣೆ ಒತ್ತಿತ್ತು. ಆ ಹಣೆ ನಡುಗುತ್ತಿತ್ತು. ನಾನು ಬ್ರೇಕ್ ಒತ್ತಿದೆ. ಆ ಬ್ರೇಕ್ ಹಿಡಿದ ಹಾಗೆ ಯಾವ ಬ್ರೇಕೂ ಹಿಡಿದದ್ದನ್ನು ನಾನು ಕಂಡಿಲ್ಲ. ಸೈಕಲ್ ಇಳಿಜಾರಿನ ನಡುವೆ, ಗೇರುಮರದ ಕೆಳಗೆ, ಒಂದು ಚೂರೂ ಜಾರದೆ ನಿಂತಿತು. ತಿರುಗಿ ನೋಡಿದೆ. ಭಾವನ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಮುಖದಲ್ಲಿ ರಕ್ತವಿರಲಿಲ್ಲ. ಗುಡ್ಡ ಹತ್ತುವಾಗ ಒಂದು ಹನಿ ಬೆವರದವರು ತೊಯ್ದು ಹೋಗಿದ್ದರು.

ಗದ್ದೆಗೆ ಬಿದ್ದ ಬಸ್ಸಿನಲ್ಲಿ ಅವರೂ ಇದ್ದರಲ್ಲ. ನಾವು ಅವರ ಧೈರ್ಯವನ್ನು ಅಷ್ಟು ವರ್ಷ ಬಡಿಸಿಕೊಂಡು ಉಂಡೆವು. ಅವರ ಕಾಲುಗಳು ಯಾಕೆ ಪ್ರತಿ ಇಳಿಜಾರಿನಲ್ಲೂ ನೆಲಕ್ಕೆ ಇಳಿಯುತ್ತಿದ್ದವೆಂದು ಯಾರೂ ಯೋಚಿಸಲಿಲ್ಲ.

ಅಕ್ಕ ಊದಿದ ಕಾಲನ್ನು ಎಳೆಯುತ್ತ ಇಳಿದು ಬಂದಳು. ನನ್ನ ಅಂಗಿಯಿಂದ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಹೆದರಿಕೆ ಉಂಟು ಅಂತ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?"

"ನಿನಗೆ ಉಂಟಲ್ಲ," ಎಂದರು ಭಾವ, ಕಣ್ಣು ತೆರೆಯದೆ. "ಇಬ್ಬರಿಗೂ ಇದ್ರೆ ಮನೆ ಹೇಗೆ ನಡೀತದೆ ಮಾರಾಯ್ತಿ?"

ಅಕ್ಕ ನನ್ನತ್ತ ತಿರುಗಿ, "ನೀನು ಇಳಿ," ಎಂದಳು. ಭಾವನನ್ನು ಎಬ್ಬಿಸಿ ಮುಂದಿನ ಸೀಟಿಗೆ ಕೂರಿಸಿದಳು. ಸೀರೆ ಒಟ್ಟುಮಾಡಿ, ಆ ಬೂರುಗದ ದಿಂಬಿನ ಮೇಲೆ ತಾನೇ ಕೂತಳು. ಗಂಡನ ಸೊಂಟವನ್ನು ಎರಡೂ ಕೈಯಿಂದ ಬಳಸಿದಳು.

"ನೀವು ಕಣ್ಣು ಬಿಡಿ. ನಾನು ಮುಚ್ಚಿಕೊಳ್ತೇನೆ. ಒಬ್ಬರಿಗಾದ್ರೂ ದಾರಿ ಕಾಣಬೇಕಲ್ಲ."

ಸೈಕಲ್ ಹೊರಟಿತು. ಮೆಲ್ಲಗೆ, ತುಂಬ ಮೆಲ್ಲಗೆ. ನಾನು ಗುಂಡಿಯಿಲ್ಲದ ಅಂಗಿಯನ್ನು ಹಿಡಿದುಕೊಂಡು ಹಿಂದೆಯೇ ನಡೆದೆ. ಇಳಿಜಾರು ಮುಗಿಯುವವರೆಗೂ ಗಾಳಿಯಲ್ಲಿ ನನ್ನ ಎಡಗಾಲಿನ ಚಪ್ಪಲಿ ಸುಡುವ ವಾಸನೆ ಬರುತ್ತಿತ್ತು.

ಈಚೆಗೆ ಗಲ್ಫಿನಿಂದ ಬಂದ ನೆರೆಮನೆಯವರು ಒಂದು ಪತ್ರಿಕೆಯಲ್ಲಿ ಬೆಟ್ಟ ಹತ್ತಿ ಇಳಿಯುವ ಹೊಸ ನಮೂನೆಯ ಸೈಕಲ್ಲಿನ ಚಿತ್ರ ತೋರಿಸಿದರು. ದಪ್ಪ ಟೈರು, ದೊಡ್ಡ ಹಲ್ಲುಚಕ್ರ, ಎಲ್ಲ ಇತ್ತು. ಹಿಂದೆ ದಿಂಬು ಇರಲಿಲ್ಲ. ಇದು ಇನ್ನೂ ಪೂರ್ತಿ ಆಗಿಲ್ಲ ಎಂದು ನನಗೆ ಅನಿಸಿತು.

ಆ ಇಳಿಜಾರು ಇಳಿದ ದಿನ ಸಂಜೆ, ದೋಣಿ ಇಳಿದು ಮೂವರೂ ಮನೆ ಸೇರಿದೆವು. ಅಮ್ಮ ಹಾಸಿಗೆಯಿಂದ ಕೈ ಚಾಚಿ ಅಕ್ಕನ ಮುಖ ಸವರಿದರು. "ಈ ಕಾಲಲ್ಲಿ ಹೇಗೆ ಬಂದೆ ಮಗಾ? ಅವರು ಕರ್ಕೊಂಡು ಬಂದ್ರಾ?" ಎಂದು ಕೇಳಿದರು.

ಬಾಗಿಲಲ್ಲಿ ಭಾವ, ಗ್ರೀಸು ಮೆತ್ತಿದ ಕೈಗಳನ್ನು ಒರೆಸುತ್ತ ನಿಂತಿದ್ದರು. ಅಕ್ಕ ಅವರನ್ನು ನೋಡಿದಳು.

"ಇಲ್ಲಮ್ಮ," ಎಂದಳು. "ಅವರನ್ನು ನಾನು ಕರ್ಕೊಂಡು ಬಂದೆ."