ಕಾಕಾನ ಗಾಡಿಮನೆಯ ಭಾರ

ನಮ್ಮ ಕಾಕಾನ ಹೆಸರಿನಲ್ಲಿ ರೋಣದಲ್ಲಿ ಒಂದು ಮನೆಯೇನೋ ಇದೆ. ಆದರೆ ಆ ಮನೆಯಲ್ಲಿ ಕಾಕಾ ಸಿಕ್ಕರೆ ಅದು ನಿಮ್ಮ ಪುಣ್ಯ! ಚಹಾಕ್ಕೆ ಕೂತವರು ಬಸಿ ಕೈಯಲ್ಲಿ ಹಿಡಿದೇ ಅಂಗಳ ದಾಟಿರುತ್ತಾರೆ. ಹಾಗೆ ಹೋದ ಬಸಿಯೊಂದು ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿತು ಎಂದು ಅವರ ಹೆಂಡತಿ, ನಮ್ಮ ಕಾಕು, ಹೇಳುತ್ತಾರೆ. ನಾನು ನಂಬಿಲ್ಲ, ಅಲ್ಲಗಳೆಯುವ ಧೈರ್ಯವೂ ಇಲ್ಲ.

ಇಂಥವರ ಕೈಗೆ ಮೊಬೈಲು ಬಂದರೆ ಏನಾಗಬೇಕು? ಯಾರೋ ಪರದೇಶದವರು ಗಾಲಿಯ ಮೇಲಿನ ಮನೆಯೊಂದನ್ನು ಪಿಕಪ್ ಗಾಡಿಗೆ ಕಟ್ಟಿ ಎಳೆದುಕೊಂಡು ಹೋಗುವ ವಿಡಿಯೋ ನೋಡಿದರು. ಉಳ್ಳಾಗಡ್ಡಿ ಹೇರುವ ಪಿಕಪ್ ಒಂದು ಮನೆಯಲ್ಲೇ ಇತ್ತು. ಮುಗಿಯಿತು! ಮರುದಿನವೇ ಕಾಕಾ ಗಜೇಂದ್ರಗಡದ ವೆಲ್ಡಿಂಗ್ ಅಂಗಡಿಯಲ್ಲಿ.

"ನಿಮ್ಮ ಗಾಡಿ ಎಷ್ಟ ಭಾರ ಎಳೀತೈತ್ರಿ?" ಎಂದು ವೆಲ್ಡಿಂಗಿನವನು ಕೇಳಿದನಂತೆ.

"ನೀ ಮೊದಲ ಮನಿ ಕಟ್ಟೋ ಮಾರಾಯಾ. ಎಳದ ಮ್ಯಾಲ ತಾನ ತಿಳೀತೈತಿ!"

ಎರಡು ತಿಂಗಳಲ್ಲಿ ಎರಡು ಗಾಲಿಯ ಮನೆ ಎದ್ದು ನಿಂತಿತು. ದಪ್ಪ ತಗಡಿನ ಗೋಡೆ, ಕಬ್ಬಿಣದ ಮಂಚ ಎರಡು, ಕಡಪಾ ಕಲ್ಲಿನ ಅಡುಗೆಕಟ್ಟೆ, ತಿಜೋರಿಯಂಥ ಕಪಾಟು. "ಗಾಳಿಗೆ ಹಾರಬಾರದಲ್ಲ!" ಎಂದರು ಕಾಕಾ. ಹಾರುವುದಿರಲಿ, ಅಲ್ಲಾಡಿದ್ದರೆ ಸಾಕಿತ್ತು!

ಅದನ್ನು ತರುವ ದಿನ ನಾನೂ ಪಿಕಪ್ಪಿನಲ್ಲಿದ್ದೆ. ಊರ ಹೊರಗೆ ಏರು ಬಂತು. ಇಂಜಿನ್ ಹೊಯ್ಕೊಂಡಿತು, ಹೊಗೆ ಕಾರಿತು, ನಿಂತಿತು. ನಿಂತದ್ದಷ್ಟೇ ಅಲ್ಲ, ಮನೆಯೇ ನಮ್ಮನ್ನು ಹಿಂದಕ್ಕೆ ಎಳೆಯತೊಡಗಿತು! ಕಾಕಾ ಎರಡೂ ಕಾಲು ಬ್ರೇಕಿನ ಮೇಲಿಟ್ಟರು. ನಾನು ಜಿಗಿದು ಗಾಲಿಗೆ ಕಲ್ಲು ಕೊಟ್ಟೆ. ಸೈಕಲ್ಲಿನ ಮೇಲೆ ಹೊರಟಿದ್ದ ಅಜ್ಜನೊಬ್ಬ ಇಳಿದು, ಮುಂದೊಮ್ಮೆ ಹಿಂದೊಮ್ಮೆ ನೋಡಿ, "ಯಾರು ಯಾರನ್ನ ಎಳಿಯಾಕತ್ತಾರ್ರಿ?" ಎಂದ.

ಟ್ರ್ಯಾಕ್ಟರಿನಿಂದ ಎಳೆಸಿ ರೋಣಕ್ಕೆ ತಂದೆವು. ಮೆಕ್ಯಾನಿಕ್ ಪಿಕಪ್ಪಿನ ಜೊತೆ ಬಂದಿದ್ದ ಕಂಪನಿಯ ಪುಸ್ತಕ ಹುಡುಕಿಸಿ ಓದಿದ.

"ಎಳಿಯೂದು ದೊಡ್ಡದಲ್ರಿ, ನಿಲ್ಲಸೂದು ದೊಡ್ಡದು. ಇದರಾಗ ಎಷ್ಟ ಬರದಾರ ಅದರೊಳಗ ಇರಬೇಕು. ಮನಿ, ಸಾಮಾನು, ನೀರು, ಎಲ್ಲಾ ಸೇರಿಸಿ. ಗಾಡ್ಯಾಗ ಕುಂತ ಮಂದಿನೂ ಲೆಕ್ಕಕ್ಕ ಬರ್ತಾರ."

ನಿಲ್ಲುವುದರ ಬಗ್ಗೆ ಕಾಕಾನಿಗೆ ಯಾರಾದರೂ ಪಾಠ ಹೇಳಿದ್ದು ಅದೇ ಮೊದಲು!

ಹತ್ತಿ ಲಾರಿ ತೂಗುವ ಕಾಟಾದ ಮೇಲೆ ಮನೆಯನ್ನು ನಿಲ್ಲಿಸಿದೆವು.

"ಏನ ಮಾಲ್ರಿ?" ಎಂದ ಕಾಟಾದವನು.

"ಸಂಸಾರ!" ಎಂದರು ಕಾಕಾ.

"ಸಂಸಾರ ಭಾಳ ವಜ್ಜಾ ಆಗೈತ್ರಿ," ಎಂದು ಅವನು ಚೀಟಿ ಕೊಟ್ಟ. ಪುಸ್ತಕ ಹೇಳಿದ್ದಕ್ಕಿಂತ ಒಂದೂವರೆ ಪಟ್ಟು!

ಅಂದಿನಿಂದ ಕಾಕಾ ಕಂಡದ್ದನ್ನೆಲ್ಲ ತೂಗತೊಡಗಿದರು. ಕಾಳು ತೂಗುವ ತಕ್ಕಡಿ ಪಡಸಾಲೆಗೆ ಬಂತು. ಕೊಡ ತೂಗಿದರು, ಕೌದಿ ತೂಗಿದರು, ಹಾಲು ಹಾಕಲು ಬಂದವಳನ್ನೂ ಹತ್ತಿಸಿ ಇಳಿಸಿದರು. ಕಾಕು ಮಾತ್ರ ಜಪ್ಪಯ್ಯ ಅಂದರೂ ಹತ್ತಲಿಲ್ಲ. ಕಾಕಾ ಅಂದಾಜಿನ ಮೇಲೆ "ಮುಕ್ಕಾಲು ಚೀಲ ಜೋಳ" ಎಂದು ಬರೆದುಕೊಂಡರು. ಕಾಕು ಅದನ್ನು ಓದಿದರು. ಮಧ್ಯಾಹ್ನ ಕಾಕಾನ ತಾಟಿಗೆ ಅರ್ಧ ರೊಟ್ಟಿ ಬಿತ್ತು.

"ಉಳದದ್ದೆಲ್ಲಿ?"

"ನಿಮ್ಮ ತೂಕಾನೂ ಇಳೀಲಿ!"

ಮನೆ ಮತ್ತೆ ಗಜೇಂದ್ರಗಡಕ್ಕೆ ಹೋಯಿತು. ಕಡಪಾ ಕಲ್ಲು ಹೋಯಿತು, ಕಪಾಟು ಹೋಯಿತು, ದಪ್ಪ ತಗಡಿನ ಜಾಗಕ್ಕೆ ತೆಳುವಾದದ್ದು ಬಂತು. ಮನೆಯ ಗಾಲಿಗಳಿಗೂ ಬ್ರೇಕು ಕೂತಿತು. ಆದರೂ ಕಾಟಾದ ಚೀಟಿ ಪುಸ್ತಕಕ್ಕೆ ಹೊಂದಲಿಲ್ಲ. ಒಳಗೆ ಉಳಿದಿದ್ದದ್ದು ಮಂಚಗಳು, ಮತ್ತೆ ಮೂಲೆಯಲ್ಲೊಂದು ಕಮೋಡು, ಅದರ ನೀರಿನ ಟಾಕಿ.

"ಈ ಕಮೋಡು, ಟಾಕಿ ತಗದ ಬಿಡ್ರಿ ಕಾಕಾ. ಹಾದಿ ತುಂಬ ಪೆಟ್ರೋಲ್ ಬಂಕ್ ಅದಾವು," ಎಂದು ನಕ್ಕೆ.

ಕಾಕಾ ನಗಲಿಲ್ಲ. ಅಂಗಳದಿಂದಲೇ, ಕಾಕು ಇದ್ದ ಅಡುಗೆಮನೆಯ ಕಡೆ ನೋಡಿ ದನಿ ಇಳಿಸಿದರು.

"ಅದನ್ನ ಮುಟ್ಟಬ್ಯಾಡ ಮಗಳ. ಆಪರೇಶನ್ ಆದಾಗಿಂದ ನಿಮ್ಮ ಕಾಕುಗ ಗಳಿಗಿಗೊಮ್ಮಿ ಹೋಗಬೇಕಾಗತೈತಿ. ಮೊಣಕಾಲೂ ಮಡಚೂದಿಲ್ಲ. ಬಸ್ಸಿನ್ಯಾಗ ಯಾರಿಗೆ ಹೇಳ್ಯಾಳು, ಹ್ಯಾಂಗ ಹೇಳ್ಯಾಳು? ಶಿರೋಳದಾಗ ಆಕಿ ಅಕ್ಕ ಹಾಸಿಗಿ ಹಿಡದಾಳ. ಮೂರ ವರ್ಷ ಆತು, ಮುಖಾ ನೋಡಿಲ್ಲ. ಯಾರ ಕರದ್ರೂ ತಲಿಶೂಲಿ ಅಂತಾಳ. ಅದು ತಲಿಶೂಲಿ ಅಲ್ಲ."

ಕಾಕುಗೆ ಈಚೆಗೆ ಜಂಬ ಬಂದಿದೆ, ಯಾರ ಮನೆಗೂ ಬರುವುದಿಲ್ಲ ಎಂದು ಆಡಿಕೊಂಡವರಲ್ಲಿ ನಾನೂ ಒಬ್ಬಳು. ಕಾಕಾ ಮತ್ತು ನಾನು ಸೇರಿ ಮಂಚಗಳನ್ನೇ ಹೊರಗೆ ಹೊತ್ತು ಹಾಕಿದೆವು. ಈ ಸಲ ಕಾಟಾದ ಚೀಟಿ ಪುಸ್ತಕಕ್ಕೆ ಹೊಂದಿತು.

ಶಿರೋಳಕ್ಕೆ ಹೋದದ್ದು ಒಂದು ಸೋಮವಾರ. ಪಿಕಪ್ಪಿನ ಮುಂದಿನ ಸೀಟಿನಲ್ಲಿ ನಾವು ಮೂವರು, ಹಿಂದೆ ಮನೆ. ಬೆಳವಣಕಿ ದಾಟುವುದರೊಳಗೆ ಎರಡು ಸಲ ನಿಂತೆವು, ಆಮೇಲೆ ಇನ್ನೆರಡು ಸಲ. ಕಾಕು ಏನೂ ಹೇಳಬೇಕಾಗಲಿಲ್ಲ. ಸೆರಗು ಸರಿಮಾಡಿಕೊಂಡರೆ ಸಾಕು, ಕಾಕಾ ಗಾಡಿಯನ್ನು ಮಗ್ಗುಲಿಗೆ ತೆಗೆಯುತ್ತಿದ್ದರು.

ಅಕ್ಕನ ಹಾಸಿಗೆಯ ಬಳಿ ಕಾಕು ಕುರ್ಚಿ ಎಳೆದುಕೊಂಡು ಕೂತರು. ಇಬ್ಬರೂ ಮೊದಲು ಅತ್ತರು, ಆಮೇಲೆ ಯಾರನ್ನೋ ಆಡಿಕೊಂಡು ನಕ್ಕರು. ಹೊತ್ತು ಇಳಿಯಿತು. ನಾನು ಹೊರಗೆ ಬಂದೆ. ಕಾಕಾ ಒಂದೊಂದೇ ಬಕೀಟು ನೀರು ಹೊತ್ತು ಟಾಕಿಗೆ ಸುರಿಯುತ್ತಿದ್ದರು.

"ಕಾಕುನ್ನ ಕರೀಲೇನ್ರಿ? ಹೊತ್ತ ಮುಳಗತೈತಿ," ಎಂದೆ.

"ತಡಿ," ಎಂದರು. "ಮೂರ ವರ್ಷದ ಮಾತ ಅದಾವ. ಮುಗೀಲಿ."